ಏನೂ ಬೀಳದ ಹದಿನೈದು ನಿಮಿಷ

ಹುಟ್ಟುವಾಗಲೇ ಸೋತುಹೋಗಿದ್ದ ಕೈಯೊಂದನ್ನು ನಾನು ಹದಿನೈದು ನಿಮಿಷದಲ್ಲಿ ವಾಸಿಮಾಡಿದ್ದೇನೆ. ಗುಳಿಗೆಯಿಲ್ಲ, ಸೂಜಿಯಿಲ್ಲ, ಕತ್ತರಿಯಿಲ್ಲ. ಸುದ್ದಿ ಕೇಳಿ ಏಳು ಸಮುದ್ರದಾಚೆಯ ಡಾಕ್ಟರುಗಳು ನನ್ನ ಮನೆ ಹುಡುಕಿಕೊಂಡು ಬಂದರು; ಸಾಲು ನಮ್ಮ ಬೀದಿ ದಾಟಿ ಬಸ್ ನಿಲ್ದಾಣದವರೆಗೆ ಹೋಗಿತ್ತು. ನಂಬದಿದ್ದರೆ ಬಿಡಿ. ನನ್ನ ತಂಗಿಯೂ ನಂಬುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜಿದೆ ಎಂದರೂ ಬ್ರಶ್ ಮುಟ್ಟಿ ಒದ್ದೆಯಿದೆಯೇ ಎಂದು ನೋಡುವವಳು ಅವಳು.

ನಾನು ಡಾಕ್ಟರಲ್ಲ, ಕ್ಯಾಮೆರಾದವನು. ಇಪ್ಪತ್ತು ವರ್ಷ ಮದುವೆ ವಿಡಿಯೊ ತೆಗೆದೆ. ಎಣಿಸಿದರೆ ನಾಲ್ಕು ಸಾವಿರ ಮದುವೆ, ಎಣಿಸದಿದ್ದರೆ ಹತ್ತು ಸಾವಿರ. ನನ್ನ ವಿಡಿಯೊಗಳಲ್ಲಿ ಬೋಳುತಲೆಯ ಮದುಮಗನಿಲ್ಲ, ಹುಬ್ಬು ಗಂಟಿಕ್ಕಿದ ಅತ್ತೆಯಿಲ್ಲ. ಒಂದು ಮದುವೆಯಲ್ಲಿ ಎರಡು ಕಡೆಯವರೂ ಕುರ್ಚಿ ಎತ್ತಿ ಹೊಡೆದಾಡಿದರು. ನನ್ನ ವಿಡಿಯೊದಲ್ಲಿ ಅವರೆಲ್ಲ ನೆಂಟರಿಗೆ ಕುರ್ಚಿ ಹಾಕುತ್ತಿರುವಂತೆ ಕಾಣುತ್ತಾರೆ. ಆ ದಂಪತಿಗೆ ಈಗ ಮೂರು ಮಕ್ಕಳು. ಮೂರಕ್ಕೂ ನಾನೇ ಕಾರಣ ಎಂದು ಹೇಳಿಕೊಂಡಿದ್ದೆ. ತಂಗಿ ಬಾಯಿಗೆ ಕೈ ಅಡ್ಡ ಹಿಡಿದು, "ಅಣ್ಣ, ಆ ಮಾತನ್ನ ಬೇರೆಯೋರ ಮುಂದೆ ಹಾಗೇ ಹೇಳ್ಬೇಡ" ಎಂದಳು.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಎಲ್ಲರೂ ಕ್ಯಾಮೆರಾದವರಾದರು. ನಾನು ಮಕ್ಕಳ ಕೈ ಚಿಕಿತ್ಸೆಯ ಆಸ್ಪತ್ರೆಗೆ ಸೇರಿದೆ. ಮೂರನೆಯ ಮಹಡಿ, ಹಸಿರು ಬಣ್ಣದ ಉದ್ದನೆಯ ಓಣಿ, ಕೊನೆಯಲ್ಲಿ ಆಟದ ಕೋಣೆ. ಹೆರಿಗೆಯ ಹೊತ್ತಿನಲ್ಲಿ ಕೆಲವು ಮಕ್ಕಳ ಹೆಗಲು ಸಿಕ್ಕಿಕೊಳ್ಳುತ್ತದೆ. ಎಳೆಯುವಾಗ ಕತ್ತಿನಿಂದ ಕೈಗೆ ಇಳಿಯುವ ನರಗಳ ಗೊಂಚಲಿಗೆ ಪೆಟ್ಟಾಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಕೈ ಇದ್ದೂ ಇಲ್ಲದ ಹಾಗೆ. ಎಷ್ಟು ಇದೆ, ಎಷ್ಟು ಇಲ್ಲ ಎಂದು ಅಳೆಯುವುದೇ ಇಲ್ಲಿಯ ಕೆಲಸ. ಮಗುವನ್ನು ಮೇಜಿನ ಮೇಲೆ ಮಲಗಿಸಿ "ಕೈ ಎತ್ತು ಪುಟ್ಟಾ" ಎಂದರೆ ಅದು ಕೈ ಎತ್ತುವುದಿಲ್ಲ, ಕಟ್ಟಡವನ್ನೇ ಎತ್ತುವಂತೆ ಕಿರುಚುತ್ತದೆ. ಹಾಗಾಗಿ ಆಡಲು ಬಿಡುತ್ತಾರೆ. ಎರಡು ಕೈ ಬೇಕಾಗುವ ಆಟಿಕೆಗಳನ್ನು ಒಂದೊಂದಾಗಿ ಮುಂದಿಡುತ್ತಾರೆ. ನಾನು ವಿಡಿಯೊ ತೆಗೆಯುತ್ತೇನೆ. ಆಮೇಲೆ ಆ ಆಟವನ್ನು ಎದುರಿಗಿದ್ದು ನೋಡಿರದ ಒಬ್ಬರು ಇನ್ನೊಂದು ಕೋಣೆಯಲ್ಲಿ ಕುಳಿತು ಆ ವಿಡಿಯೊ ನೋಡಿ, ಪೆಟ್ಟಾದ ಕೈ ಇನ್ನೊಂದು ಕೈಗೆ ಎಷ್ಟು ನೆರವಾಯಿತು ಎಂದು ಅಂಕ ಹಾಕುತ್ತಾರೆ.

ಅವರಿಗೆ ನಾನಿಟ್ಟ ಹೆಸರು ಅಂಕದಮ್ಮ. ಕನ್ನಡಕ ದಪ್ಪ, ಮಾತು ತೆಳ್ಳಗೆ. ನಾನು ಸೇರಿದ ದಿನವೇ ಮೂರು ನಿಯಮ ಹೇಳಿದ್ದರು. "ಎರಡೂ ಕೈ ಸದಾ ಕಾಣ್ಬೇಕು. ಮಧ್ಯದಲ್ಲಿ ನಿಲ್ಸಬಾರದು, ಕತ್ತರಿಸಬಾರದು. ಮಗುಗೆ ನೀವು ಸಹಾಯ ಮಾಡಬಾರದು. ಇದು ಮದುವೆ ಅಲ್ಲ, ಕ್ಯಾಮೆರಾದೋರೇ."

"ಮೇಡಂ, ಇಪ್ಪತ್ತು ವರ್ಷದಲ್ಲಿ ನಾನು ತೆಗೆದ ಒಂದು ತುಣುಕನ್ನೂ ಎಸೆದವನಲ್ಲ" ಎಂದಿದ್ದೆ. ಈ ಒಂದು ಮಾತು ನೆನಪಿರಲಿ. ನನ್ನ ಬಾಯಿಂದ ಬಂದ ನಿಜಗಳಲ್ಲಿ ಅದೂ ಒಂದು. ಅಪರೂಪದ ಮಾಲು.

ಈಗ ಮೆಣಸಿನ ವಿಷಯ. ಮೆಣಸು ನನ್ನ ತಂಗಿಯ ಮಗಳು. ಎರಡು ವರ್ಷ ಹತ್ತು ತಿಂಗಳು. ಕಾಳಿನಷ್ಟು ಗಾತ್ರ, ಮೂಟೆಯಷ್ಟು ಖಾರ. ಅದಕ್ಕೇ ಆ ಹೆಸರು. ಅವಳ ಎಡಗೈಗೇ ಹುಟ್ಟುವಾಗ ಪೆಟ್ಟಾದದ್ದು. ಬೆರಳು ಆಡುತ್ತವೆ, ಹಿಡಿತ ನಿಲ್ಲುವುದಿಲ್ಲ. ಹೆಗಲು ಒಳಕ್ಕೆ ತಿರುಗಿಕೊಂಡಿದೆ. ಎಡಗೈಯಲ್ಲಿ ಬಿಸ್ಕತ್ತು ಕೊಟ್ಟರೆ ಮೊಣಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಕಹಳೆ ಊದುವವರ ಹಾಗೆ ಬಾಯಿಗೆ ತರುತ್ತಾಳೆ. ಅವಳಪ್ಪ ಹಡಗಿನ ಅಡುಗೆಯವನು, ವರ್ಷದ ಹೆಚ್ಚು ಪಾಲು ನೀರಿನ ಮೇಲೆ. ತಂಗಿ ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ಮಧ್ಯಾಹ್ನದವರೆಗೆ ಪಕ್ಕದ ಮನೆಯ ಅಜ್ಜಿ, ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಮಧ್ಯಾಹ್ನದಿಂದ ನಾನು. ಇಡೀ ಊರಿನಲ್ಲಿ ನನ್ನಂಥ ಸೋದರಮಾವ ಇನ್ನೊಬ್ಬನಿಲ್ಲ. ಅಕ್ಕಪಕ್ಕದ ಊರುಗಳಲ್ಲೂ ವಿಚಾರಿಸಿದ್ದೇನೆ.

ಆರು ತಿಂಗಳ ಹಿಂದೆ ದೊಡ್ಡ ಡಾಕ್ಟರು ಮೆಣಸನ್ನು ನೋಡಿ ಹೋಗಿದ್ದರು. ಆರು ತಿಂಗಳಿಗೊಮ್ಮೆ ಬಂದು ಮೂರು ದಿನ ಇದ್ದು, ಆಪರೇಷನ್ ಮಾಡಿ ಹೋಗುವವರು ಅವರು. "ಬೆನ್ನಿನ ಕಡೆಯ ಒಂದು ಸ್ನಾಯುವನ್ನ ಹೆಗಲಿಗೆ ತಿರುಗಿಸಿ ಹೊಲಿಯೋದು. ಬೆಳೀತಾ ಬೆಳೀತಾ ಕೀಲು ಸೊಟ್ಟಗಾಗತ್ತೆ, ತಡ ಮಾಡೋ ಹಾಗಿಲ್ಲ. ಮುಂದಿನ ಸಲ ನಿರ್ಧಾರ ಮಾಡೋಣ. ಅಲ್ಲಿವರೆಗೆ ದಿನಕ್ಕೆ ಎರಡು ಸಲ ವ್ಯಾಯಾಮ ತಪ್ಪಬಾರದು." ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ, ಅಲ್ಲೇ ತಡೆದು ಎಣಿಸುವುದು. ಬೆಳಿಗ್ಗೆಯದು ಚಿಕ್ಕದು, ತಂಗಿಯದು. ಮಧ್ಯಾಹ್ನದ್ದು ಅರ್ಧ ಗಂಟೆಯದು, ನನ್ನದು. ಗೋಡೆಯ ಮೇಲೆ ಚಾರ್ಟು, ಮಾಡಿದ ದಿನಕ್ಕೊಂದು ಟಿಕ್. ನೂರಾ ಎಂಬತ್ತು ದಿನ, ನನ್ನ ಸಾಲಿನಲ್ಲಿ ನೂರಾ ಎಂಬತ್ತು ಟಿಕ್. ಅರ್ಧ ಗಂಟೆ ಅಂದರೆ ನಾನು ಮುಕ್ಕಾಲು ಗಂಟೆ ಮಾಡಿದವನು.

ವಿಡಿಯೊ ತೆಗೆಯುವ ಹಿಂದಿನ ಸಂಜೆ ತಂಗಿಯನ್ನು ಕರೆತರಲು ಲಾಂಡ್ರಿಯ ಗೇಟಿಗೆ ಹೋಗಿದ್ದೆ. ಆವಿಯಲ್ಲಿ ಬೆಂದ ಮುಖ, ಸುಕ್ಕುಗಟ್ಟಿದ ಬೆರಳು.

"ನಾಳೆ ಏನಾಗತ್ತಣ್ಣ?" ಎಂದಳು.

"ಏನಾಗತ್ತೆ? ಮೆಣಸು ಫಸ್ಟ್ ಕ್ಲಾಸಲ್ಲಿ ಪಾಸು. ಅಂಕದಮ್ಮನ ಹತ್ರ ಅಂಕ ಸಾಲದೆ ಪಕ್ಕದ ಮನೆಯಿಂದ ಕಡ ತರ್ತಾರೆ."

"ಪಾಸು ಫೇಲು ಅಲ್ಲಣ್ಣ ಅದು. ಇದ್ದದ್ದು ಇದ್ದ ಹಾಗೆ ಕಾಣ್ಲಿ, ಸಾಕು." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು. "ಒಂದು ಕೈಯಲ್ಲಿ ಒಂದು ದಿಂಬಿನ ಚೀಲ ಕೂಡ ಮಡಚಕ್ಕಾಗಲ್ಲ, ಗೊತ್ತಾ? ಇವತ್ತು ಮಾಡಿ ನೋಡಿದೆ. ಹಲ್ಲಲ್ಲಿ ಕಚ್ಕೋಬೇಕಾಯ್ತು."

ಇದರ ಅರ್ಥವೇನು? ಆಪರೇಷನ್ ಎಂದರೆ ಅವಳಿಗೆ ಭಯ ಎಂದು. ಹೆಣ್ಣುಮಕ್ಕಳು ನೇರವಾಗಿ ಹೇಳುವುದಿಲ್ಲ, ದಿಂಬಿನ ಚೀಲದಲ್ಲಿ ಸುತ್ತಿ ಹೇಳುತ್ತಾರೆ. ತಾಯಿಯ ಮನಸ್ಸು ಓದಲು ನನಗೆ ಕನ್ನಡಕ ಬೇಕಿಲ್ಲ. ಎಳೆ ಮೈಗೆ ಚಾಕು ತಾಗದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ ಎಂದು ಆ ಗೇಟಿನ ಮುಂದೆಯೇ ತೀರ್ಮಾನಿಸಿದೆ.

ಮರುದಿನ ಬೆಳಿಗ್ಗೆ ಆಟದ ಕೋಣೆ. ಮೊಣಕಾಲಿನಷ್ಟು ಎತ್ತರದ ಮೇಜು, ಈ ಕಡೆ ಮೆಣಸು, ಆ ಕಡೆ ಆಟಿಕೆ ಕೊಡುವ ಹುಡುಗಿ. ಮಕ್ಕಳೆಲ್ಲ ಅವಳನ್ನು ಆಟದಕ್ಕ ಎನ್ನುತ್ತಾರೆ. ನಾನು ಸ್ಟ್ಯಾಂಡಿನ ಹಿಂದೆ.

ಮೊದಲು ತಿರುಪು ಮುಚ್ಚಳದ ಡಬ್ಬಿ, ಒಳಗೊಂದು ಕಪ್ಪೆ ಗೊಂಬೆ. ಮೆಣಸಿನ ಬಲಗೈ ಮುಚ್ಚಳ ಹಿಡಿಯಿತು. ಈಗ ಎಡಗೈ ಬಂದು ಡಬ್ಬಿ ಹಿಡಿಯಬೇಕು. ಎಡಗೈ ಮೇಜಿನಿಂದ ಒಂದು ಗೇಣು ಎದ್ದಿತು, ಮೊಣಕೈ ಹೊರಕ್ಕೆ ಹಾರಿತು, ಬೆರಳು ಡಬ್ಬಿಯನ್ನು ಸವರಿದವು ಅಷ್ಟೆ. ಡಬ್ಬಿ ಉರುಳಿತು. ಎರಡನೆಯ ಸಲವೂ ಉರುಳಿತು. ಮೂರನೆಯ ಸಲ ಮೆಣಸು ಡಬ್ಬಿಯನ್ನು ಗಲ್ಲಕ್ಕೂ ಮೇಜಿಗೂ ನಡುವೆ ಸಿಕ್ಕಿಸಿ ಒಂದೇ ಕೈಯಲ್ಲಿ ತಿರುಗಿಸಿದಳು.

"ತೆಗ್ದೆ!" ಎಂದಳು.

"ಭಲೇ!" ಎಂದು ನಾನು ಕೂಗಿದೆ.

"ಶ್!" ಎಂದಳು ಆಟದಕ್ಕ. "ನೀವು ಮಾತಾಡಬಾರದು ರೀ."

ಬುದ್ಧಿಗೆ ನೂರಕ್ಕೆ ನೂರು. ಆದರೆ ಅಂಕ ಬುದ್ಧಿಗಲ್ಲ, ಕೈಗೆ. ಎಡಗೈಗೆ ಒಂದು ಅಂಕವೂ ಹುಟ್ಟುವ ಹಾಗಿರಲಿಲ್ಲ.

ನಂತರ ಇನ್ನೊಂದು ದೊಡ್ಡ ಗೊಂಬೆಗೆ ಕಾಲುಚೀಲ ಹಾಕುವುದು. ಗೊಂಬೆ ಎರಡು ಸಲ ನೆಲಕ್ಕೆ ಬಿತ್ತು. ಆಗ ನನಗೆ ತಿಳಿಯದಂತೆಯೇ ನನ್ನ ಬೆರಳುಗಳು ಮದುವೆಮನೆಯ ಕೆಲಸ ಶುರುಮಾಡಿದವು. ಎಡಗೈ ತಡವರಿಸಿದಾಗಲೆಲ್ಲ ಕ್ಯಾಮೆರಾ ಮೆಲ್ಲಗೆ ಮೆಣಸಿನ ಮುಖದ ಹತ್ತಿರ ಹೋಗುತ್ತಿತ್ತು, ಅವಳು ನಗುವವರೆಗೆ ಅಲ್ಲೇ ಇದ್ದು ಹಿಂದಕ್ಕೆ ಬರುತ್ತಿತ್ತು. ಮದುಮಗಳು ಕಣ್ಣೊರೆಸಿಕೊಳ್ಳುವಾಗ ಹೂಮಾಲೆ ತೋರಿಸುವ ಹಾಗೆ.

ಕೊನೆಯದು ಮಣಿ ಪೋಣಿಸುವುದು. ದಾರ ಎಡಗೈಯಲ್ಲಿ, ಮಣಿ ಬಲಗೈಯಲ್ಲಿ. ಒಂದು ಮಣಿ ಹೋಯಿತು. ಎರಡು. ಮೂರನೆಯದಕ್ಕೆ ಎಡಗೈಯ ಬೆರಳುಗಳು ತಾವಾಗಿ ಸಡಿಲವಾದವು, ದಾರ ಜಾರಿತು, ಮಣಿಯ ಬಟ್ಟಲಿಗೆ ಮೊಣಕೈ ತಗಲಿ ಇಡೀ ಬಟ್ಟಲು ನೆಲದ ಮೇಲೆ. ಟಪಟಪಟಪ ಸದ್ದು. ಮೆಣಸಿನ ತುಟಿ ಕೆಳಗಿಳಿಯಿತು. ಅದೊಂದು ನನ್ನಿಂದ ನೋಡಲಾಗುವುದಿಲ್ಲ. ಕ್ಯಾಮೆರಾ ಬಿಟ್ಟು ನೆಲಕ್ಕೆ ಬಿದ್ದೆ, ನಾಲ್ಕು ಕಾಲಿನಲ್ಲಿ ಮೇಜಿನ ಕೆಳಗೆ ನುಗ್ಗಿ, ಬೊಗಳುತ್ತಾ ಮಣಿಗಳನ್ನು ಬಾಯಿಯಿಂದ ಹೆಕ್ಕಿದೆ. ಮೆಣಸು ಬಿದ್ದು ಬಿದ್ದು ನಕ್ಕಳು.

"ಏನ್ರೀ ಇದು!" ಆಟದಕ್ಕ ಎದ್ದೇ ನಿಂತಳು. "ಇದೂ ವಿಡಿಯೊದಲ್ಲಿ ಬರತ್ತೆ!"

"ಬರ್ಲಿ ತಾಯಿ. ನನ್ನ ಅಂಕ ಎಷ್ಟು ಅಂತ ಕೇಳಿ ಹೇಳು."

ಒಟ್ಟು ಇಪ್ಪತ್ತೆರಡು ನಿಮಿಷ. ಮಧ್ಯಾಹ್ನ ಮನೆಗೆ ಬಂದು, ಮೆಣಸಿಗೆ ಊಟ ಮಾಡಿಸಿ, ಅವಳು ಮಂಚದ ಕೆಳಗೆ ಬೆಕ್ಕಿನ ಜೊತೆ ಆಡುತ್ತಿದ್ದಾಗ ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಉರುಳಿದ ಡಬ್ಬಿ ಹೋಯಿತು. ಗಲ್ಲ ಹೋಯಿತು. ನೆಲಕ್ಕೆ ಬಿದ್ದ ಗೊಂಬೆ ಹೋಯಿತು. ಪ್ರತಿ ಕತ್ತರಿಯ ಗುರುತನ್ನೂ ಒಂದು ನಗುಮುಖದ ಕೆಳಗೆ ಮುಚ್ಚಿದೆ. ಡಬ್ಬಿಯ ಹತ್ತಿರ ಹೋದ ಎಡಗೈ, ಮುಂದಿನ ಕ್ಷಣ ತೆರೆದ ಡಬ್ಬಿ, ನಡುವೆ ನಗು. ನೋಡಿದವರು ಆ ಕೈಯೇ ಡಬ್ಬಿ ಹಿಡಿದಿತ್ತು ಎಂದು ಆಣೆ ಮಾಡಿ ಹೇಳಬೇಕು. ಹದಿನೈದು ನಿಮಿಷ ಉಳಿಯಿತು. ಆ ಹದಿನೈದು ನಿಮಿಷದಲ್ಲಿ ಮೆಣಸಿನ ಎಡಗೈ ವಾಸಿಯಾಗಿತ್ತು. ನಾನೇ ಮೂರು ಸಲ ನೋಡಿದೆ, ನನಗೇ ನಂಬಿಕೆ ಬಂತು.

ಸಂಜೆ ಅದನ್ನು ಅಂಕದಮ್ಮನ ಮೇಜಿಗೆ ಕಳಿಸಿದೆ. ಆಟದಕ್ಕ ಅಂಕದಮ್ಮನಿಗೆ ಮಗುವಿನ ಬಗ್ಗೆ ಒಂದು ಮಾತೂ ಹೇಳುವಂತಿಲ್ಲ, ಅದು ಅಲ್ಲಿಯ ನಿಯಮ. ಸಾಲದ್ದಕ್ಕೆ ಮರುದಿನ ಅವಳಿಗೆ ರಜೆ. ಎಲ್ಲ ದಾರಿಯೂ ಮುಚ್ಚಿದೆ ಎಂದುಕೊಂಡೆ. ಒಂದು ದಾರಿ ಮಂಚದ ಕೆಳಗೆ ಬೆಕ್ಕಿನ ಜೊತೆ ಕುಳಿತಿತ್ತು, ಅದು ಹೊಳೆಯಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಸಭೆ. ದೊಡ್ಡ ಡಾಕ್ಟರು, ಅಂಕದಮ್ಮ, ಮಗುವಿನ ತಾಯಿ. ಪ್ರೊಜೆಕ್ಟರ್ ನಡೆಸುವವನು ನಾನು, ಆದ್ದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಿಟಕಿಯ ಪರದೆ ಎಳೆದ ಚಿಕ್ಕ ಕೋಣೆ, ಆರು ಕುರ್ಚಿ, ಗೋಡೆಯ ಮೇಲೆ ಬಿಳಿ ಬೋರ್ಡು. ಬೋರ್ಡಿನಲ್ಲಿ ಮರುದಿನದ ಆಪರೇಷನ್ ಪಟ್ಟಿ: ನಾಲ್ಕು ಗೆರೆ, ಮೂರರಲ್ಲಿ ಹೆಸರು, ನಾಲ್ಕನೆಯದು ಖಾಲಿ. ತಂಗಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳ ಕಣ್ಣು ಆ ಖಾಲಿ ಗೆರೆಯ ಮೇಲೆಯೇ ಇತ್ತು. ಭಯ, ಪಾಪ, ಎಂದುಕೊಂಡೆ.

ಅದಕ್ಕೂ ಮೊದಲು ಪಕ್ಕದ ಕೋಣೆಯಲ್ಲಿ ದೊಡ್ಡ ಡಾಕ್ಟರು ಮೆಣಸಿನ ಹೆಗಲು ಮುಟ್ಟಲು ಹೋಗಿ ಕಚ್ಚಿಸಿಕೊಂಡಿದ್ದರು.

"ಮೇಜಿನ ಮೇಲೆ ಇವಳು ಕೈ ಕೊಡೋದಿಲ್ಲ" ಎಂದರು ಹೆಬ್ಬೆರಳು ಉಜ್ಜಿಕೊಳ್ಳುತ್ತಾ. "ಕೀಲು ಬಿಗಿದಿದೆಯೋ, ಇವಳೇ ಬಿಗಿ ಹಿಡಿದಿದಾಳೋ ಗೊತ್ತಾಗ್ತಿಲ್ಲ. ವಿಡಿಯೊನೇ ಗತಿ. ಅಂಕ ಎಷ್ಟು ಬಂತು?"

"ಹೋದ ಸಲ ನಲವತ್ತೆರಡು" ಎಂದರು ಅಂಕದಮ್ಮ. "ಈ ಸಲ ಎಂಬತ್ತೊಂದು."

ದೊಡ್ಡ ಡಾಕ್ಟರು ಹುಬ್ಬೇರಿಸಿದರು. "ಎಂಬತ್ತೊಂದಕ್ಕೆ ನಾನು ಕತ್ತರಿ ಹಾಕೋದಿಲ್ಲ. ಮತ್ತೆ ಆರು ತಿಂಗಳು ಬಿಟ್ಟು ನೋಡಿದ್ರಾಯ್ತು."

ನನ್ನ ಎದೆ ಎರಡು ಗೇಣು ಉಬ್ಬಿತು. ತಂಗಿಯ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಮುಖದ ಬಣ್ಣವೇ ಇಳಿದುಹೋಗಿತ್ತು.

"ಆದ್ರೆ ಅಂಕ ಪೆನ್ಸಿಲಲ್ಲಿ ಬರ್ದಿದೀನಿ" ಎಂದರು ಅಂಕದಮ್ಮ. "ನಂಗೊಂದು ಅನುಮಾನ ಇದೆ. ಕ್ಯಾಮೆರಾದೋರೇ, ಹಾಕಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಬಲಗೈ ತಾನಾಗಿ ಎಡ ಹೆಗಲಿನ ಮೇಲೆ ಹೋಗಿ ಕುಳಿತಿತ್ತು. ಇಳಿಸಿ, ಗುಂಡಿ ಒತ್ತಿದೆ.

ಪರದೆಯ ಮೇಲೆ ಮೆಣಸು. ಡಬ್ಬಿ ತೆರೆಯಿತು. ಕಪ್ಪೆ ಹೊರಬಂತು. ಗೊಂಬೆಯ ಕಾಲಿಗೆ ಕಾಲುಚೀಲ ಬಂತು. ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಅದರ ಬಿಸಿಗಾಳಿ ನನ್ನ ಕೈಗೆ ಹೊಡೆಯುತ್ತಿತ್ತು.

"ನಿಲ್ಸಿ. ಹಿಂದಕ್ಕೆ ಹೋಗಿ. ಇನ್ನೂ ಹಿಂದಕ್ಕೆ." ಅಂಕದಮ್ಮ ಎದ್ದು ಪರದೆಯ ಹತ್ತಿರ ಹೋದರು. "ಇಲ್ಲಿ ಮುಖ ಯಾಕೆ ಬಂತು?"

"ಮಗು ನಗ್ತಿತ್ತು ಮೇಡಂ. ಹಳೇ ಚಾಳಿ. ನಗು ಕಂಡ್ರೆ ಕ್ಯಾಮೆರಾ ತಾನಾಗಿ ಹೋಗತ್ತೆ."

"ಹದಿನಾಲ್ಕು ಸಲ ಹೋಗಿದೆ."

"ಹದಿನಾಲ್ಕು ಸಲ ನಕ್ಕಿದೆ."

ಅಂಕದಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮುಖ ಬಿಡಿ. ನಾನು ಸಾವಿರಾರು ಮಕ್ಕಳನ್ನ ನೋಡಿದೀನಿ, ಏನೂ ಆಗದ ಮಕ್ಕಳನ್ನೂ ನೋಡಿದೀನಿ. ಮೂರು ವರ್ಷದ ಮಗು, ಎರಡೂ ಕೈ ಗಟ್ಟಿ ಇರೋ ಮಗು, ಹದಿನೈದು ನಿಮಿಷದಲ್ಲಿ ಒಂದು ಸಲಾನಾದ್ರೂ ಏನಾದ್ರೂ ಬೀಳಿಸತ್ತೆ. ಈ ಮಗು ಏನೂ ಬೀಳಿಸಿಲ್ಲ. ಒಂದು ಮಣೀನೂ ಇಲ್ಲ. ಇಂಥ ಮಗುವನ್ನ ನಾನು ಎಲ್ಲೂ ನೋಡಿಲ್ಲ."

"ಅದೇ ನಾನೂ ಹೇಳೋದು ಮೇಡಂ! ಲೋಕದಲ್ಲೇ ಇಂಥ ಮಗು ಇಲ್ಲ. ಮಾವನ ಕಡೆಯ ಗುಣ..."

"ಬಿತ್ತು!" ಎಂದಿತು ಒಂದು ದನಿ.

ತಂಗಿಯ ತೊಡೆಯ ಮೇಲಿಂದ ಮೆಣಸು ಜಾರಿ ಇಳಿದಿದ್ದಳು. ಪರದೆಯ ಕಡೆ ಬಲಗೈ ಚಾಚಿ, ಸಿಟ್ಟಿನಿಂದ ನನ್ನನ್ನು ನೋಡುತ್ತಿದ್ದಳು.

"ಮಣಿ ಬಿತ್ತು! ಮಾಮ ನಾಯಿ ಆಯ್ತು! ಅದು ಹಾಕು!"

ಅಂಕದಮ್ಮ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

"ಯಾವ ನಾಯಿ ಪುಟ್ಟಾ?" ಎಂದರು ಅಂಕದಮ್ಮ.

"ಮಾಮ ನಾಯಿ. ಭೌ ಭೌ. ಮಣಿ ಬಾಯಲ್ಲಿ." ಅವಳು ನನ್ನ ಅಂಗಿ ಹಿಡಿದು ಜಗ್ಗಿದಳು. "ಹಾಕು ಮಾಮಾ! ನಾಯಿ ಹಾಕು!"

ಅವಳ ಹಿಡಿತದಿಂದ ಅಂಗಿ ಬಿಡಿಸಿಕೊಂಡೆ. ಒಂದು ನೆಪ ಸಿಕ್ಕಿತು. "ಬ್ಯಾಟರಿ ಮುಗಿದಿತ್ತು ಮೇಡಂ. ಆ ಭಾಗ ಬಂದಿಲ್ಲ."

"ಇಪ್ಪತ್ತು ವರ್ಷದಲ್ಲಿ ಒಂದು ತುಣುಕನ್ನೂ ಎಸೆದೋರಲ್ಲ ನೀವು" ಎಂದರು ಅಂಕದಮ್ಮ. ದನಿ ಏರಿಸಲಿಲ್ಲ. "ಮೊದಲ ದಿನವೇ ನಂಗೆ ಹೇಳಿದ್ರಿ. ಪೂರ್ತಿ ವಿಡಿಯೊ ಎಲ್ಲಿದೆ?"

ಅಂಗಿಯ ಜೇಬಿನಲ್ಲಿತ್ತು. ಉಗುರಿನಷ್ಟು ಅಗಲದ ಕಾರ್ಡು, ಎದೆಯ ಮೇಲೆ ಬಂಡೆಯಷ್ಟು ಭಾರ. ಇದು ಉತ್ಪ್ರೇಕ್ಷೆಯಲ್ಲ. ತೆಗೆದು ಹಾಕಿದೆ.

ವಾಸಿಯಾದ ಕೈ ಮತ್ತೆ ಸೋಲಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಡಬ್ಬಿ ಉರುಳಿತು, ಮತ್ತೆ ಉರುಳಿತು. ಗಲ್ಲ ಬಂತು. ಗೊಂಬೆ ಬಿತ್ತು. ಬಿದ್ದಾಗಲೆಲ್ಲ ಅಂಕದಮ್ಮನ ಪೆನ್ಸಿಲು ಒಂದು ಅಂಕಿಯನ್ನು ಹೊಡೆದುಹಾಕಿ ಇನ್ನೊಂದು ಬರೆಯುತ್ತಿತ್ತು. ಆ ಕರಕರ ಸದ್ದು ನನ್ನ ಹಲ್ಲಿನ ಬೇರಿಗೆ ತಾಗುತ್ತಿತ್ತು. ಮಣಿಗಳು ಚೆಲ್ಲಿದವು. ಪರದೆಯ ಮೇಲೆ ಐವತ್ತು ದಾಟಿದ ಒಬ್ಬ ಗಂಡಸು ನಾಲ್ಕು ಕಾಲಿನಲ್ಲಿ ಬೊಗಳಿದ. ಮೆಣಸು ಚಪ್ಪಾಳೆ ತಟ್ಟಿದಳು, ಅವಳ ರೀತಿಯಲ್ಲಿ: ಬಲಗೈಯಿಂದ ತೊಡೆಗೆ.

ದೀಪ ಹಾಕಿದ ಮೇಲೆ ಅಂಕದಮ್ಮ, "ನಲವತ್ತು. ಹೋದ ಸಲಕ್ಕಿಂತ ಎರಡು ಕಡಿಮೆ" ಎಂದರು.

"ಯಾಕೆ ಹೀಗೆ ಮಾಡಿದ್ರಿ?" ದೊಡ್ಡ ಡಾಕ್ಟರು ನನ್ನನ್ನು ಕೇಳಿದರು.

"ನಂಗೋಸ್ಕರ ಅಲ್ಲ ಸರ್" ಎಂದೆ. ದನಿ ತಾನಾಗಿ ಸರಿಯಾದ ಜಾಗದಲ್ಲಿ ನಡುಗಿತು. "ತಂಗಿಗೆ ಆಪರೇಷನ್ ಅಂದ್ರೆ ಜೀವ ಹೋಗೋಷ್ಟು ಭಯ. ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಒಡಹುಟ್ಟಿದೋನು ನಾನು, ನಂಗೆ ಅರ್ಥ ಆಗಲ್ವಾ? ಅವಳ ಕಣ್ಣೀರು ನೋಡಕ್ಕಾಗದೆ..."

"ಅಣ್ಣಾ." ತಂಗಿ ಎದ್ದು ನಿಂತಿದ್ದಳು. "ನಾನು ಯಾವತ್ತು ಭಯ ಅಂದೆ?"

"ಅನ್ನಲಿಲ್ಲ, ಆದ್ರೆ ಆ ದಿಂಬಿನ ಚೀಲ..."

"ದಿಂಬಿನ ಚೀಲ ಯಾಕೆ ಹೇಳಿದೆ? ನನ್ನ ಮಗಳು ನಾಳೆ ಏನೇ ಕೆಲಸ ಮಾಡ್ಲಿ, ಹಲ್ಲಲ್ಲಿ ಕಚ್ಕೊಂಡು ಮಾಡಬಾರದು ಅಂತ. ಆಪರೇಷನ್ ಆಗ್ಲಿ ಅಂತ ಈ ಆಫೀಸಿಗೆ ಮೂರು ಅರ್ಜಿ ಬರ್ದು ಕೊಟ್ಟೋಳು ನಾನು. ಕೇಳು ಇವರನ್ನ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಇವತ್ತು ಆ ಎಂಬತ್ತೊಂದು ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತು. ನನ್ನ ಹೆಸರು ಯಾಕೆ ಹಾಳು ಮಾಡ್ತೀಯ? ನಿಂಗೇ ಏನೋ ಮುಚ್ಚಿಡೋದಿದೆ. ಚಿಕ್ಕಂದಿನಿಂದ ನೋಡ್ತಿದೀನಿ, ನೀನು ನಂಗೋಸ್ಕರ ಅಂತ ಶುರು ಮಾಡಿದ್ರೆ ಎಲ್ಲೋ ಮಡಕೆ ಒಡೆದಿರತ್ತೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ದೊಡ್ಡ ಡಾಕ್ಟರು ಫೈಲು ತಿರುವಿದರು. ಮನೆಯ ಚಾರ್ಟು ಅದರಲ್ಲಿತ್ತು. ತಂಗಿ ಗೋಡೆಯಿಂದ ಬಿಚ್ಚಿ ತಂದಿದ್ದಳು. ಅವರು ಅದನ್ನು ಮೇಜಿನ ಮೇಲೆ ಹರಡಿ, ಬೆರಳಿನಿಂದ ನನ್ನ ಸಾಲನ್ನು ಸವರಿದರು.

"ಈಗ ಸರಿಯಾಗಿ ಕೇಳಿಸ್ಕೊಳ್ಳಿ. ವಿಡಿಯೊದಲ್ಲಿ ಹೆಗಲು ತುಂಬಾ ಬಿಗಿದಿದೆ. ಆರು ತಿಂಗಳು ಇಷ್ಟೊಂದು ವ್ಯಾಯಾಮ ಮಾಡಿದ ಮೇಲೂ ಹೀಗೇ ಬಿಗಿದಿದ್ರೆ, ಕೀಲೇ ಕೆಡ್ತಿದೆ ಅಂತ ಅರ್ಥ. ನಾಳೆಯೇ ಮಾಡ್ತೀನಿ, ನಾಲ್ಕನೇ ಗೆರೆ ಇವಳದ್ದು, ಕೀಲನ್ನೇ ಬಿಚ್ಚಿ ದೊಡ್ಡ ಆಪರೇಷನ್. ವ್ಯಾಯಾಮ ಆಗದೇ ಬಿಗಿದಿದ್ರೆ ವಿಷಯ ಬೇರೆ. ಮೊದಲು ಎಂಟು ವಾರ ದಿನಾ ಹಿಗ್ಗಿಸಿ ಸಡಿಲ ಮಾಡ್ಬೇಕು, ಆಮೇಲೆ ಸ್ನಾಯು ಮಾತ್ರ ತಿರುಗಿಸಿದ್ರೆ ಸಾಕು. ಅದಕ್ಕೋಸ್ಕರ ನಾನೇ ಇನ್ನೊಂದು ಸಲ ಬರ್ತೀನಿ. ಆದ್ರೆ ತಪ್ಪು ತಿಳ್ಕೊಂಡು ನಾಳೆ ಕೀಲು ಬಿಚ್ಚಿದ್ರೆ, ಬಿಚ್ಚಬೇಕಿಲ್ಲದ್ದನ್ನ ಬಿಚ್ಚಿದ ಹಾಗಾಗತ್ತೆ. ಅದನ್ನ ವಾಪಸ್ ಹಾಕಕ್ಕಾಗಲ್ಲ." ಅವರು ತಲೆಯೆತ್ತಿದರು. "ಮಧ್ಯಾಹ್ನದ ವ್ಯಾಯಾಮ ನಿಮ್ಮದು. ಇಲ್ಲಿ ನೂರಾ ಎಂಬತ್ತು ಟಿಕ್ ಇದೆ. ನಿಜವಾಗಿ ಎಷ್ಟು ದಿನ ಮಾಡಿದ್ರಿ?"

ನೂರಾ ಎಂಬತ್ತು ನಾಲಿಗೆಯ ತುದಿಯಲ್ಲೇ ಇತ್ತು. ನೂರಾ ತೊಂಬತ್ತು ಅದರ ಬೆನ್ನ ಹಿಂದೆ ನಿಂತಿತ್ತು.

ಮೆಣಸು ನನ್ನ ಕುರ್ಚಿಯ ಪಕ್ಕಕ್ಕೆ ಬಂದಿದ್ದಳು. ಬಲಗೈಯಿಂದ ತನ್ನ ಎಡಗೈಯನ್ನು ಎತ್ತಿ, ಮೇಜಿನ ಮೇಲೆ ಬಟ್ಟಲು ಇಟ್ಟ ಹಾಗೆ, ನನ್ನ ಮೊಣಕಾಲಿನ ಮೇಲಿಟ್ಟಳು. ಆಟ ಬೇಕಾದಾಗ ಅವಳು ಹಾಗೆಯೇ ಮಾಡುವುದು. ಮಧ್ಯಾಹ್ನಗಳಲ್ಲಿ ಹಾಗೆಯೇ ಮಾಡುತ್ತಿದ್ದಳು.

"ಹಿಗ್ಗಿಸಿದ್ರೆ ನೋವಾಗತ್ತೆ ಸರ್" ಎಂದೆ. "ಮೊಣಕೈ ಪಕ್ಕೆಗೆ ಒತ್ತಿದ ತಕ್ಷಣ 'ಮಾಮ, ಬೇಡ' ಅಂತಾಳೆ. ಜೋರಾಗಿ ಅಲ್ಲ, ಮೆತ್ತಗೆ. ಜೋರಾಗಿ ಅತ್ತಿದ್ರೆ ಮಾಡ್ತಿದ್ನೇನೋ. ಮೆತ್ತಗೆ ಅಂದ್ರೆ ನನ್ನ ಕೈ ಸೋಲತ್ತೆ. ನಾಳೆ ಮಾಡಿದ್ರಾಯ್ತು ಅಂತ ಕುದುರೆ ಆಗ್ತಿದ್ದೆ, ನಾಯಿ ಆಗ್ತಿದ್ದೆ. ಸಂಜೆ ಇವಳು ಬಂದು 'ಆಯ್ತಾ ಅಣ್ಣ?' ಅಂತಿದ್ಲು. 'ಆಗ್ದೇ ಇರತ್ತಾ, ಮುಕ್ಕಾಲು ಗಂಟೆ!' ಅಂತಿದ್ದೆ. ವಿಡಿಯೊದಲ್ಲಿ ಕೈ ಹಾಗೇ ಇದೆ ಅಂತ ಕಂಡ್ರೆ, ನಾನು ಮಾಡಿಲ್ಲ ಅಂತ ಎಲ್ರಿಗೂ ಗೊತ್ತಾಗತ್ತಲ್ಲ. ಅದಕ್ಕೆ ಕತ್ತರಿಸಿದೆ. ಮೆಣಸಿಗೋಸ್ಕರ ಅಲ್ಲ, ತಂಗಿಗೋಸ್ಕರನೂ ಅಲ್ಲ."

"ಅದು ಸರಿ" ಎಂದರು ದೊಡ್ಡ ಡಾಕ್ಟರು. ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. "ನಂಗೆ ಸಂಖ್ಯೆ ಬೇಕು. ಎಷ್ಟು ದಿನ?"

"ಹದಿನೈದು" ಎಂದೆ.

ಪೆನ್ನು ಕಾಗದಕ್ಕೆ ತಾಗಿತು. ತಂಗಿ ನನ್ನನ್ನೇ ನೋಡುತ್ತಿದ್ದಳು, ಒದ್ದೆಯಿದೆಯೇ ಎಂದು ಬ್ರಶ್ ಮುಟ್ಟುವ ಹಾಗೆ.

"ತಡೀರಿ ಸರ್" ಎಂದೆ. "ಒಂಬತ್ತು."